ಕಟ್ಟಡದ ಲೆಕ್ಕ ಮತ್ತು ಸರಪಳಿ ವಹಿ

(ವಡೋದರೆಯ ಮಂಜಲ್‌ಪುರದಲ್ಲಿ ರಾಜ್ಯೋತ್ಸವದ ಅಂಗವಾಗಿ ಸೇರಿದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯನ್ನು ಏರಿದವರು ಪಂಪ ರನ್ನರನ್ನು ನೆನೆದು, ಭಾಷೆಯ ಹಿರಿಮೆಯನ್ನು ಹೊಗಳಿ ಇಳಿಯುವುದು ವಾಡಿಕೆ. ಆ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡತಕ್ಕವರು ಈ ಸಭೆಯಲ್ಲಿಯೆ ಇದ್ದಾರೆ. ನಾವು ಸಿಮೆಂಟು, ಕಂಬಿ, ಜಲ್ಲಿಗಳ ನಡುವೆ ಮೂವತ್ತು ವರ್ಷ ಕಳೆದವರು. ಕಾರ್ಯದರ್ಶಿಗಳು ನಮ್ಮನ್ನು ಕಂಡು, "ಬ್ಲಾಕ್‌ಚೈನ್ ಎಂಬುದು ಈಗ ಕಟ್ಟಡದ ಕಸುಬಿಗೂ ಬರುತ್ತದಂತೆ. ಅದೇನು, ಫ್ಲ್ಯಾಟು ಕೊಳ್ಳುವ ನಮ್ಮಂಥವರಿಗೆ ಅದರಿಂದ ಏನಾದರೂ ಉಂಟೊ, ತಿಳಿಯುವ ಹಾಗೆ ಹೇಳಿ" ಎಂದರು. ತಿಳಿಯುವ ಹಾಗೆ ಎಂಬ ಷರತ್ತು ಕಠಿನವಾದದ್ದು. ಪ್ರಯತ್ನ ಮಾಡುತ್ತೇವೆ.

ಈ ಸಭೆಯಲ್ಲಿ ಕುಳಿತಿರುವ ಮನೆತನಗಳ ಕಥೆ ಹೆಚ್ಚುಕಡಮೆ ಒಂದೆ. ಕೊಯಲಿಯ ತೈಲ ಶುದ್ಧೀಕರಣದ ಕಾರ್ಖಾನೆಗೊ, ಗೊಬ್ಬರದ ಕಾರ್ಖಾನೆಗೊ, ರೈಲ್ವೆಗೊ, ಇಲ್ಲೆ ಮಕರಪುರದ ಕೈಗಾರಿಕಾ ವಸಾಹತಿಗೊ ಹಿರಿಯರು ಕೆಲಸಕ್ಕೆಂದು ಬಂದರು. ಹತ್ತು ವರ್ಷ ಬಾಡಿಗೆಯ ಮನೆ. ಅನಂತರ ಪ್ರಾವಿಡೆಂಟ್ ಫಂಡಿನ ಹಣ, ಬ್ಯಾಂಕಿನ ಸಾಲ, ಮನೆಯಾಕೆಯ ಎರಡು ಬಳೆ, ಇವೆಲ್ಲ ಸೇರಿ ಒಂದು ಫ್ಲ್ಯಾಟು. ಮಕ್ಕಳು ದೊಡ್ಡವರಾದ ಮೇಲೆ "ಕೊನೆಗಾಲಕ್ಕೆ ಊರಲ್ಲೊಂದು ಇರಲಿ" ಎಂದು ಹುಬ್ಬಳ್ಳಿಯಲ್ಲೊ ಬೆಂಗಳೂರಿನಲ್ಲೊ ಇನ್ನೊಂದು. ಆ ಎರಡನೆಯದು ಮೇಲೇಳುವಾಗ ನಾವು ಇಲ್ಲಿರುತ್ತೇವೆ. ಭಾವಮೈದುನ ಫೋನಿನಲ್ಲಿ ಚಿತ್ರ ಕಳಿಸುತ್ತಾನೆ. "ಮೂರನೆಯ ಅಂತಸ್ತು ಹಾಕಿದರು ಭಾವಾ" ಎನ್ನುತ್ತಾನೆ. ನಾವು ಮುಂದಿನ ಕಂತನ್ನು ಕಟ್ಟುತ್ತೇವೆ.

ಬದನೆಕಾಯಿ ಕೊಳ್ಳುವಾಗ ತಿರುವಿ ನೋಡುತ್ತೇವೆ. ಸೀರೆಯನ್ನು ಸೆರಗು ಬಿಡಿಸಿ, ಬೆಳಕಿಗೆ ಹಿಡಿದು ನೋಡುತ್ತೇವೆ. ಜನ್ಮದಲ್ಲಿ ಒಮ್ಮೆ ಕೊಳ್ಳುವ ಮನೆಯನ್ನು ಮಾತ್ರ ಒಳಗೇನಿದೆಯೆಂದು ನೋಡುವ ಉಪಾಯವೆ ಇಲ್ಲ. ಕಂಬದೊಳಗೆ ಎಷ್ಟು ಕಂಬಿ ಇದೆ, ಪಾಯ ಎಷ್ಟು ಆಳಕ್ಕೆ ಇಳಿದಿದೆ, ಕಾಂಕ್ರೀಟಿನಲ್ಲಿ ಸಿಮೆಂಟು ಎಷ್ಟು, ಇವೆಲ್ಲ ಒಂದು ದಿನ ಒಂದೆರಡು ಗಂಟೆ ಹೊತ್ತು ಕಣ್ಣಿಗೆ ಬಿದ್ದು, ಆಮೇಲೆ ಎಂದೆಂದಿಗೂ ಮುಚ್ಚಿಹೋಗುತ್ತವೆ. ಮೇಲೆ ಬಣ್ಣ ಬಳಿದ ತರುವಾಯ ಒಳ್ಳೆಯ ಕಂಬವೂ ಕೆಟ್ಟ ಕಂಬವೂ ಒಂದೆ. ಆ ಒಂದೆರಡು ಗಂಟೆ ಅಲ್ಲಿ ನಿಂತು ನೋಡಿದವರು ಬರೆದಿಟ್ಟ ಕಾಗದವೆ ನಮ್ಮ ಕಣ್ಣು. ಇಂದಿನ ನಮ್ಮ ಮಾತೆಲ್ಲ ಆ ಕಾಗದವನ್ನು ಕುರಿತದ್ದು.

ಆ ಕಾಗದ ಸುಳ್ಳಾದರೆ ಏನಾಗುತ್ತದೆ ಎಂಬುದನ್ನು ಗುಜರಾತಿನಲ್ಲಿರುವವರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. 2001ರ ಜನವರಿ 26ರ ಬೆಳಿಗ್ಗೆ ಕಚ್ಛದಲ್ಲಿ ನೆಲ ನಡುಗಿತು. ಅಹಮದಾಬಾದು ಅಲ್ಲಿಗೆ ಇನ್ನೂರು ಕಿಲೋಮೀಟರಿಗೂ ದೂರ. ಅಷ್ಟು ದೂರದಲ್ಲಿಯೂ ಹತ್ತಾರು ಬಹುಮಹಡಿ ಕಟ್ಟಡಗಳು ಕುಸಿದು ಏಳುನೂರಕ್ಕೂ ಹೆಚ್ಚು ಜನ ಸತ್ತರು. ಅವುಗಳ ಪಕ್ಕದಲ್ಲಿಯೆ, ಅದೇ ಎತ್ತರದ, ಅದೇ ಕಾಲದ ಕಟ್ಟಡಗಳು ನಿಂತೇ ಇದ್ದವು. ನೆಲದಂತಸ್ತಿನಲ್ಲಿ ಗಾಡಿ ನಿಲ್ಲಿಸಲೆಂದು ಗೋಡೆಗಳಿಲ್ಲದೆ ಬರಿಯ ಕಂಬಗಳನ್ನು ಬಿಟ್ಟದ್ದು, ಕಂಬಿಯನ್ನು ಕಟ್ಟಬೇಕಾದಂತೆ ಕಟ್ಟದಿದ್ದದ್ದು, ಕಳಪೆ ಕಾಂಕ್ರೀಟು, ಇವೆಲ್ಲ ಕಾರಣಗಳೆಂದು ತಜ್ಞರು ಬರೆದರು. ನಮ್ಮ ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಭೂಕಂಪವೂ ಇಲ್ಲದೆ, ಮಳೆಯೂ ಇಲ್ಲದೆ, ಕಟ್ಟುತ್ತಿದ್ದ ವಾಣಿಜ್ಯ ಸಂಕೀರ್ಣವೊಂದು ನೆಲಕಚ್ಚಿ 19 ಜನ ತೀರಿಕೊಂಡರು. 2025ರ ಜುಲೈ 9ರಂದು ನಮ್ಮದೇ ಜಿಲ್ಲೆಯ ಪಾದರಾ ತಾಲೂಕಿನಲ್ಲಿ, 1985ರಲ್ಲಿ ಸಂಚಾರಕ್ಕೆ ತೆರೆದಿದ್ದ ಗಂಭೀರಾ ಸೇತುವೆಯ ಒಂದು ಭಾಗ ಮಹೀ ನದಿಗೆ ಬಿತ್ತು. ಆ ಸೇತುವೆಯ ಮೇಲೆ ಆಣಂದದ ಕಡೆಗೆ ಹೋಗಿಬಂದವರು ಈ ಸಭೆಯಲ್ಲಿ ಎಷ್ಟೊ ಮಂದಿ ಇದ್ದಾರೆ.

ಪ್ರತಿಯೊಂದು ಸಾರಿಯೂ ಅವಶೇಷಗಳನ್ನು ಎತ್ತುತ್ತಿರುವಾಗಲೆ ಏಳುವ ಪ್ರಶ್ನೆ ಒಂದು: ಇದನ್ನು ಯಾರು ಪರೀಕ್ಷೆ ಮಾಡಿದ್ದರು, ಎಂದು ಮಾಡಿದ್ದರು, ಏನೆಂದು ಬರೆದಿದ್ದರು? ಆಗ ಕಡತಗಳ ಹುಡುಕಾಟ ಶುರುವಾಗುತ್ತದೆ.

ಕಡತ ಇಡುವ ವಿದ್ಯೆ ನಮ್ಮವರಿಗೆ ಹೊಸದೇನೂ ಅಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ಅಳತೆ ಪುಸ್ತಕ ಎಂಬುದೊಂದು ಉಂಟು. ಕೆಲಸ ಕಲಿಯುವ ಹುಡುಗ ಎಂಜಿನಿಯರಿಗೆ ಅದನ್ನು ಕೈಗೆ ಕೊಡುವಾಗ ಹಿರಿಯರು ಪೂಜೆಯ ಪುಸ್ತಕ ಕೊಟ್ಟಂತೆ ಕೊಡುತ್ತಾರೆ. ಅದರ ಪುಟಗಳಿಗೆ ಮೊದಲೆ ಸಂಖ್ಯೆ ಅಚ್ಚಾಗಿರುತ್ತದೆ. ಒಂದು ಹಾಳೆಯನ್ನೂ ಹರಿಯಕೂಡದು. ಬರೆದದ್ದನ್ನು ಅಳಿಸಕೂಡದು, ತಪ್ಪಿದರೆ ಗೀಟು ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ತಾರೀಖು ಹಾಕಿ ಸಹಿ ಮಾಡಬೇಕು. ಮೇಲಧಿಕಾರಿ ಕೆಲವು ಅಳತೆಗಳನ್ನು ತಾನೇ ಮತ್ತೆ ಅಳೆದು ನೋಡಬೇಕು. ಗುತ್ತಿಗೆದಾರನಿಗೆ ಹಣ ಕೊಡುವುದು ಆ ಪುಸ್ತಕದ ಆಧಾರದ ಮೇಲೆ. ನೂರಾರು ವರ್ಷದ ಅನುಭವದಿಂದ ಬಂದ ನಿಯಮಗಳು ಇವು. ಯಾರೊ ಒಬ್ಬ ಕಿಲಾಡಿ ಎಂದೊ ಹಾಳೆ ಹರಿದಿರಬೇಕು, ಅದಕ್ಕೇ ಸಂಖ್ಯೆ ಅಚ್ಚು ಹಾಕಿದರು!

ಖಾಸಗಿ ಕಟ್ಟಡಗಳಲ್ಲಿ ಇಷ್ಟು ಬಿಗಿ ಎಲ್ಲ ಕಡೆಯೂ ಇಲ್ಲ. ಒಂದು ಉದಾಹರಣೆ ಕೊಡುತ್ತೇವೆ. ತಾರಸಿಗೊ ಕಂಬಕ್ಕೊ ಕಾಂಕ್ರೀಟು ಹಾಕುವ ದಿನ, ಅದೇ ಮಿಶ್ರಣವನ್ನು 15 ಸೆಂಟಿಮೀಟರಿನ ಕಬ್ಬಿಣದ ಅಚ್ಚುಗಳಿಗೆ ತುಂಬಬೇಕು. ಇದಕ್ಕೆ ಕ್ಯೂಬು ಎನ್ನುತ್ತಾರೆ. ಮರುದಿನ ಅಚ್ಚು ಬಿಚ್ಚಿ, ಗಟ್ಟಿಯಾದ ಕ್ಯೂಬನ್ನು ನೀರಿನಲ್ಲಿ ಮುಳುಗಿಸಿಟ್ಟು, 28ನೆಯ ದಿನ ಯಂತ್ರದಲ್ಲಿ ಒತ್ತಿ ಒಡೆಯಬೇಕು. 25ರ ದರ್ಜೆಯ ಕಾಂಕ್ರೀಟೆಂದರೆ ಅಂಥ ಒಂದು ಕ್ಯೂಬು ಸುಮಾರು 57 ಟನ್ನು ಭಾರವನ್ನಾದರೂ ತಡೆಯಬೇಕು. ನಮ್ಮ ದೇಶದ ಐ.ಎಸ್. 456 ಎಂಬ ಮಾನಕದ ಪ್ರಕಾರ 16ರಿಂದ 30 ಘನಮೀಟರಿನಷ್ಟು ಕಾಂಕ್ರೀಟು ಹಾಕಿದ ದಿನ ಮೂರು ಮಾದರಿ, ಒಂದೊಂದು ಮಾದರಿಗೆ ಮೂರು ಕ್ಯೂಬು. ಫಲಿತಾಂಶವನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು.

ನಿಯಮ ಸರಿಯಾಗಿಯೆ ಇದೆ. ಆದರೆ ಒಂದು ಕಡೆ, ಹೆಸರು ಬೇಡ, ನಾವು ನೋಡಿದ ಕ್ಯೂಬು ರಿಜಿಸ್ಟರಿನಲ್ಲಿ ಮೂರು ತಿಂಗಳ ಲೆಕ್ಕ ಒಂದೇ ಪೆನ್ನಿನಲ್ಲಿ, ಒಂದೇ ಓಟದ ಬರವಣಿಗೆಯಲ್ಲಿ, ಒಂದು ಚಹದ ಕಲೆಯೂ ಇಲ್ಲದೆ ಶುಭ್ರವಾಗಿತ್ತು. ಕೆಲಸ ನಡೆಯುವ ಸ್ಥಳದಲ್ಲಿ ದಿನದಿನ ಬರೆದ ಪುಸ್ತಕ ಹಾಗಿರುವುದಿಲ್ಲ. ಅದಕ್ಕೆ ಸಿಮೆಂಟಿನ ಬೆರಳಚ್ಚು ಇರುತ್ತದೆ, ಮಳೆಯ ಹನಿ ಇರುತ್ತದೆ. ತಪಾಸಣೆ ಬರುವ ಹಿಂದಿನ ರಾತ್ರಿ ಕೂತು ಬರೆದ ಪುಸ್ತಕ ಅದು. ಅಂಕಿಗಳೆಲ್ಲ ಬೇಕಾದ್ದಕ್ಕಿಂತ ಒಂದು ಕೂದಲು ಮೇಲೆ. ಅದನ್ನು ಸುಳ್ಳೆಂದು ಸಾಧಿಸುವ ಬಗೆ ಹೇಗೆ? ಒಡೆದ ಕ್ಯೂಬುಗಳು ಎಂದೊ ಗುಂಡಿಗೆ ಸೇರಿದ್ದವು.

ಇಂಥ ಕಡೆ ಸರಪಳಿ ವಹಿಗೆ ಕೆಲಸವಿದೆ. ಬ್ಲಾಕ್‌ಚೈನ್ ಎಂಬುದಕ್ಕೆ ಈ ಭಾಷಣದ ಮಟ್ಟಿಗೆ ನಾವು ಕೊಟ್ಟುಕೊಂಡ ಹೆಸರು ಅದು. ಹೆಸರು ಒಗ್ಗದವರು ಬ್ಲಾಕ್‌ಚೈನ್ ಎಂದೇ ಅನ್ನಲಿ. ಹಿರಿಯರು ಕೆಲವರಿಗೆ ಬ್ಲಾಕ್ ಎಂದೊಡನೆ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ನೀರಾವರಿಯಲ್ಲಿ ತಂದ ಬ್ಲಾಕ್ ಪದ್ಧತಿ ನೆನಪಾದೀತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಲೆಕ್ಕ ಕಟ್ಟುನಿಟ್ಟಾಗಿರಬೇಕೆಂಬ ಹಟ ಮಾತ್ರ ಎರಡಕ್ಕೂ ಸಮಾನ.

ತಾಯಂದಿರು ಹೆದರಬೇಕಾಗಿಲ್ಲ, ಇದು ತಿಳಿಯಲಾರದ ವಿಷಯವೇನಲ್ಲ. ಹಳೆಯ ಲೆಕ್ಕದ ಪುಸ್ತಕಗಳನ್ನು ನೋಡಿದ್ದೀರಿ. ಪುಟದ ಕೊನೆಯಲ್ಲಿ ಮೊತ್ತ ಹಾಕಿ, ಮುಂದಿನ ಪುಟದ ತಲೆಯಲ್ಲಿ "ಹಿಂದಿನ ಪುಟದಿಂದ ತಂದದ್ದು" ಎಂದು ಅದೇ ಮೊತ್ತವನ್ನು ಬರೆಯುತ್ತಾರೆ. ಯಾವನಾದರೂ ಹತ್ತನೆಯ ಪುಟದಲ್ಲಿ ಒಂದು ಅಂಕಿಯನ್ನು ತಿದ್ದಿದನೆನ್ನಿ. ಹತ್ತನೆಯ ಪುಟದ ಮೊತ್ತ ಬದಲಾಯಿತು. ಹನ್ನೊಂದನೆಯದರ ತಲೆ ಬದಲಾಯಿತು. ಕೊನೆಯ ಪುಟದ ತನಕ ಎಲ್ಲವನ್ನೂ ತಿದ್ದಬೇಕಾಯಿತು. ಸರಪಳಿ ವಹಿ ಮಾಡುವುದು ಇದನ್ನೆ. ಬರಿಯ ಮೊತ್ತಕ್ಕೆ ಬದಲಾಗಿ ಆ ಪುಟದಲ್ಲಿ ಬರೆದದ್ದನ್ನೆಲ್ಲ, ತಲೆಯಲ್ಲಿ ತಂದದ್ದನ್ನೂ ಸೇರಿಸಿ, ಒಂದು ಗಣಿತದ ಗಾಣಕ್ಕೆ ಹಾಕುತ್ತಾರೆ. 64 ಅಕ್ಷರ ಉದ್ದದ ಒಂದು ಮುದ್ರೆ ಹೊರಗೆ ಬರುತ್ತದೆ. ಬರೆಹದಲ್ಲಿ ಒಂದು ಸೊನ್ನೆ ಬದಲಾದರೂ ಮುದ್ರೆ ಪೂರ್ತಿ ಬೇರೆಯಾಗುತ್ತದೆ. ಎಳ್ಳಿನಿಂದ ಎಣ್ಣೆ ಬರುತ್ತದೆ, ಎಣ್ಣೆಯಿಂದ ಎಳ್ಳು ಮರಳಿ ಬಾರದು. ಹಾಗೆಯೆ ಮುದ್ರೆಯನ್ನು ನೋಡಿ ಬರೆಹವನ್ನು ಹುಟ್ಟಿಸಲಾಗದು. ಆ ಮುದ್ರೆ ಮುಂದಿನ ಪುಟದ ತಲೆಗೆ ಹೋಗುತ್ತದೆ. ಒಂದೊಂದು ಪುಟ ಒಂದೊಂದು ಕೊಂಡಿ; ಎಲ್ಲ ಕೂಡಿ ಸರಪಳಿ.

ಕಿಲಾಡಿಯಾದವನು ಕೊನೆಯ ತನಕವೂ ತಿದ್ದಿಬಿಟ್ಟರೆ? ಅದಕ್ಕೆ ಎರಡನೆಯ ಉಪಾಯ: ಪುಸ್ತಕದ ಪ್ರತಿ ಒಂದು ಮನೆಯಲ್ಲಿ ಇರುವುದಿಲ್ಲ. ಕಟ್ಟಿಸುವವನಲ್ಲಿ ಒಂದು, ಎಂಜಿನಿಯರಿನಲ್ಲಿ ಒಂದು, ಪರೀಕ್ಷಾಲಯದಲ್ಲಿ ಒಂದು, ಸಾಲ ಕೊಟ್ಟ ಬ್ಯಾಂಕಿನಲ್ಲಿ ಒಂದು, ಕೊಳ್ಳುವವರ ಸಂಘದಲ್ಲಿ ಒಂದು. ಹೊಸ ಪುಟ ಸೇರಿದಾಗಲೆಲ್ಲ ಎಲ್ಲ ಪ್ರತಿಗಳಿಗೂ ಸೇರುತ್ತದೆ. ಒಬ್ಬನು ರಾತ್ರಿ ಕೂತು ತಿದ್ದಿದರೆ ಬೆಳಿಗ್ಗೆ ಉಳಿದ ನಾಲ್ಕು ಪ್ರತಿಗಳು ಅವನದಕ್ಕೆ ಹೊಂದುವುದಿಲ್ಲ. 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ಉಕ್ಕಿ ನಮ್ಮ ಊರಿನ ಬೀದಿಗಳಲ್ಲಿ ಹರಿದದ್ದು ನೆನಪಿದೆಯಲ್ಲ. ನೆಲದಂತಸ್ತಿನ ಕಪಾಟಿನಲ್ಲಿ ನಕ್ಷೆ, ರಸೀತಿಗಳನ್ನು ಇಟ್ಟಿದ್ದ ಸೊಸೈಟಿಗಳಿಗೆ ಐದು ಮನೆಯಲ್ಲಿ ಪ್ರತಿ ಇರುವುದರ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಈ ವಿಚಾರ ಬಿಟ್‌ಕಾಯಿನ್ ಎಂಬ ನಾಣ್ಯದಿಂದ ಹುಟ್ಟಿತೆಂದು ಹಲವರು ತಿಳಿದಿದ್ದಾರೆ. ನಾಣ್ಯ ಚಲಾವಣೆಗೆ ಬಂದದ್ದು 2009ರ ಜನವರಿಯಲ್ಲಿ. ಅದಕ್ಕೆ ಎಷ್ಟೊ ಮುಂಚೆ, 1991ರಲ್ಲಿ, ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟೋರ್ನೆಟ್ಟಾ ಎಂಬ ಇಬ್ಬರು ಕಾಗದಪತ್ರಗಳಿಗೆ ತಿದ್ದಲಾಗದ ತಾರೀಖು ಹಾಕುವ ಬಗೆಯನ್ನು ಬರೆದರು. ತರುವಾಯ ಅವರ ಸಂಸ್ಥೆ ತನ್ನ ಲೆಕ್ಕದ ಮುದ್ರೆಯನ್ನು ವಾರಕ್ಕೊಮ್ಮೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಣ್ಣ ಜಾಹೀರಾತುಗಳ ನಡುವೆ ಅಚ್ಚು ಹಾಕಿಸುತ್ತಿತ್ತು. ಲಕ್ಷಾಂತರ ಮನೆಗಳಿಗೆ ಹೋದ ಪತ್ರಿಕೆಯನ್ನು ತಿದ್ದುವವರು ಯಾರು? ನಮಗೆ ಈ ಉಪಾಯ ಬಹಳ ಹಿಡಿಸಿತು. ಆದುದರಿಂದ ಬಿಟ್‌ಕಾಯಿನ್ನಿನ ಏರಿಳಿತಕ್ಕೂ ನಮ್ಮ ವಿಷಯಕ್ಕೂ ಗಂಟು ಹಾಕಬೇಡಿ. ಕಟ್ಟಡವನ್ನು ಚೂರು ಚೂರು ಮಾಡಿ 'ಟೋಕನ್' ಎಂದು ಮಾರಲು ಯಾರಾದರೂ ಬಂದರೆ ಅದು ಬೇರೆಯ ವ್ಯಾಪಾರ. ಬ್ಲಾಕ್‌ಚೈನ್ ಎಂಬ ಹೆಸರು ಕೇಳಿ ಹಣ ಕೊಡಬೇಡಿ.

ಇಷ್ಟು ಕೇಳಿ, "ಹಾಗಾದರೆ ನಮ್ಮ ಕಷ್ಟ ತೀರಿತು" ಎಂದು ಯಾರಾದರೂ ಅಂದುಕೊಂಡಿದ್ದರೆ ಸ್ವಲ್ಪ ತಾಳಬೇಕು. ಇಲ್ಲಿ ನಾಡಿನ ಚರಿತ್ರೆಯಿಂದ ಒಂದು ಮಾತು ತರುತ್ತೇವೆ, ರಾಜ್ಯೋತ್ಸವಕ್ಕೂ ಅದು ಸಲ್ಲುತ್ತದೆ. ನಾವಿರುವ ಈ ವಡೋದರೆಯ ಹೆಸರು ಬರೆಹದಲ್ಲಿ ಮೊದಲು ಕಾಣಿಸಿಕೊಂಡದ್ದು ನಮ್ಮ ರಾಷ್ಟ್ರಕೂಟರ ಶಾಸನದಲ್ಲಿ. ಲಾಟ ದೇಶವನ್ನು ಆಳಿದ ಅವರ ಶಾಖೆಯ ಕರ್ಕರಾಜ ಸುವರ್ಣವರ್ಷನು ಶಕ 734ರಲ್ಲಿ, ಎಂದರೆ ಕ್ರಿ.ಶ. 812ರಲ್ಲಿ, ವಡಪದ್ರಕ ಎಂಬ ಗ್ರಾಮವನ್ನು ಒಬ್ಬ ಬ್ರಾಹ್ಮಣನಿಗೆ ದಾನ ಕೊಟ್ಟು ತಾಮ್ರಪಟದಲ್ಲಿ ಬರೆಯಿಸಿದನು. ಆ ಕಾಲದ ತಾಮ್ರಶಾಸನಗಳನ್ನು ವಸ್ತುಸಂಗ್ರಹಾಲಯದಲ್ಲಿ ನೋಡಿದವರಿಗೆ ಗೊತ್ತು: ಹಲಗೆಗಳಿಗೆ ತೂತು ಕೊರೆದು, ಒಂದು ಬಳೆಯನ್ನು ಪೋಣಿಸಿ, ಬಳೆಯ ಎರಡು ತುದಿಗಳನ್ನೂ ರಾಜಮುದ್ರೆಯಲ್ಲಿ ಬೆಸೆದುಬಿಡುತ್ತಿದ್ದರು. ಮುದ್ರೆಯನ್ನು ಒಡೆಯದೆ ಒಂದು ಹಲಗೆಯನ್ನು ತೆಗೆಯಲಾಗದು, ಇನ್ನೊಂದನ್ನು ಸೇರಿಸಲಾಗದು. ಸರಪಳಿ ವಹಿಯ ಬುದ್ಧಿ ಅಲ್ಲಿಯೆ ಇತ್ತು ಎಂದರೆ ಅತಿಶಯೋಕ್ತಿಯಾಗದು.

ಆದರೂ ಕೂಟಶಾಸನಗಳು ಹುಟ್ಟಿದವು. ಕೂಟಶಾಸನವೆಂದರೆ ಕಳ್ಳ ಶಾಸನ. ಕನ್ನಡ ನಾಡಿನ ಶಾಸನಗಳನ್ನು ಓದಿದ ಜೆ. ಎಫ್. ಫ್ಲೀಟ್ ಎಂಬ ವಿದ್ವಾಂಸನು ಗಂಗರ ಹೆಸರಿನ ಹಲವು ತಾಮ್ರಶಾಸನಗಳನ್ನು ಕೃತ್ರಿಮವೆಂದು ತಳ್ಳಿಹಾಕಿದನು. ಕೂಟಶಾಸನಕ್ಕೂ ತಾಮ್ರವಿರುತ್ತದೆ, ಬಳೆ ಇರುತ್ತದೆ, ಮುದ್ರೆ ಇರುತ್ತದೆ. ಕೊಡದ ದಾನವನ್ನು ಕೊಟ್ಟರೆಂದು ಮೊದಲೆ ಸುಳ್ಳು ಬರೆದು ಪೋಣಿಸಿದ್ದು ಅದು. ಬೆಸುಗೆ ಎಷ್ಟು ಗಟ್ಟಿಯಾಗಿದ್ದರೇನು?

ಸರಪಳಿ ವಹಿಗೂ ಇದೇ ಗತಿ. ಬರೆದದ್ದನ್ನು ಆಮೇಲೆ ತಿದ್ದದಂತೆ ಅದು ಕಾಯುತ್ತದೆ. ಬರೆಯುವಾಗಲೆ ಸುಳ್ಳು ಬರೆದರೆ ಆ ಸುಳ್ಳನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ! ಸಿಮೆಂಟು ತಾನಾಗಿ ಬಂದು ಪುಸ್ತಕದಲ್ಲಿ ಬರೆಯುವುದಿಲ್ಲ. ಕೆಲವು ಕಡೆ ಕಟ್ಟಡಕ್ಕೆ ಹಾಕುವ ಮಿಶ್ರಣ ಒಂದು, ಕ್ಯೂಬಿಗೆಂದು ಎರಡು ಬಾಣಲಿ ಸಿಮೆಂಟು ಹೆಚ್ಚು ಸುರಿದು ಕಲಸುವ ಮಿಶ್ರಣ ಇನ್ನೊಂದು. ಆ ಕ್ಯೂಬು ಪರೀಕ್ಷಾಲಯದಲ್ಲಿ ಗೆಲ್ಲುತ್ತದೆ, ಫಲಿತಾಂಶ ಸತ್ಯವಾಗಿಯೆ ವಹಿಗೆ ಸೇರುತ್ತದೆ, ಕಂಬ ಮಾತ್ರ ಸುಳ್ಳಾಗಿ ನಿಂತಿರುತ್ತದೆ. ನಮ್ಮ ಕರ್ನಾಟಕದಲ್ಲಿ 'ಭೂಮಿ' ಯೋಜನೆಯಿಂದ 2000ದ ಆಚೀಚೆಗೆ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಬೆರಳಚ್ಚು ಕೊಡದೆ ನೌಕರನು ಅದರೊಳಗೆ ಕೈಹಾಕುವಂತಿರಲಿಲ್ಲ. ಬಹಳ ದೊಡ್ಡ ಕೆಲಸ, ದೇಶವೇ ಮೆಚ್ಚಿತು. ಆದರೂ ಶ್ಯಾನುಭೋಗರ ಕಾಲದಲ್ಲಿ ತಪ್ಪಾಗಿ ಬರೆದ ಹೆಸರುಗಳು ಕಂಪ್ಯೂಟರಿನಲ್ಲಿಯೂ ತಪ್ಪಾಗಿಯೆ ಕುಳಿತವು. ಅವನ್ನು ತಿದ್ದಿಸಲು ರೈತರು ತಾಲೂಕು ಕಚೇರಿಗೆ ತಿರುಗಬೇಕಾಯಿತು. ಪೆಟ್ಟಿಗೆಗೆ ಎಂಥ ಬೀಗ ಹಾಕಿದರೂ ಒಳಗೆ ಇಟ್ಟದ್ದೇ ಒಳಗೆ ಇರುತ್ತದೆ.

ಆದುದರಿಂದ ಮುಖ್ಯವಾದ ಪ್ರಶ್ನೆ ಯಂತ್ರದ್ದಲ್ಲ, ಸಾಕ್ಷಿಯದು. ಕಾಂಕ್ರೀಟು ಸುರಿಯುವ ಆ ಒಂದೆರಡು ಗಂಟೆ ಅಲ್ಲಿ ಯಾರು ನಿಂತಿರುತ್ತಾರೆ, ಅವರಿಗೆ ಸಂಬಳ ಕೊಡುವವರು ಯಾರು? ಕಟ್ಟುವವನ ಸಂಬಳದವನೊಬ್ಬನೆ ನಿಂತು ಬರೆದರೆ, ಬ್ಲಾಕ್‌ಚೈನಿನಲ್ಲಿ ಬರೆದರೂ ಒಂದೆ, ಸೀಮೆಸುಣ್ಣದಲ್ಲಿ ಬರೆದರೂ ಒಂದೆ. ಕಟ್ಟುವವನ ಕಡೆಯವನೊಬ್ಬ, ಪರೀಕ್ಷಾಲಯದವನೊಬ್ಬ, ಕೊಳ್ಳುವವರ ಕಡೆಯವನೊಬ್ಬ, ಮೂವರೂ ಆ ಕ್ಷಣದಲ್ಲಿ ಬೇರೆ ಬೇರೆಯಾಗಿ ಸಹಿ ಹಾಕಿದಾಗ ಸರಪಳಿಗೆ ಬೆಲೆ ಬರುತ್ತದೆ. ಒಬ್ಬನನ್ನು ಒಲಿಸಿಕೊಳ್ಳಬಹುದು, ಮೂವರನ್ನು, ಅದೂ ಅದೇ ಗಂಟೆಯಲ್ಲಿ ಒಲಿಸಿಕೊಳ್ಳುವುದು ಕಷ್ಟ, ಆರು ತಿಂಗಳಾದ ಮೇಲೆ ರಾತ್ರಿ ಕೂತು ಬರೆಯುವುದಂತೂ ಆಗದು. ನಮ್ಮ ದೃಷ್ಟಿಯಲ್ಲಿ ಸರಪಳಿ ವಹಿಯ ನಿಜವಾದ ಉಪಕಾರ ಇದು: ಅದು ಮನುಷ್ಯನನ್ನು ಸತ್ಯವಂತನನ್ನಾಗಿ ಮಾಡುವುದಿಲ್ಲ, ಸುಳ್ಳು ಹೇಳಬೇಕಾದರೆ ಅದೇ ದಿನ, ಎಲ್ಲರ ಎದುರಿಗೆ, ತನ್ನ ಹೆಸರಿನಲ್ಲಿ ಹೇಳು ಎನ್ನುತ್ತದೆ. ಅಷ್ಟು ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಬೇರೆ ದೇಶಗಳವರು ಏನು ಮಾಡಿದ್ದಾರೆ ಎಂದು ಕೇಳುವಿರಿ. ಜಾರ್ಜಿಯಾ ದೇಶ 2016-17ರಲ್ಲಿ ತನ್ನ ಭೂಮಿಯ ಹಕ್ಕುಪತ್ರಗಳ ಮುದ್ರೆಗಳನ್ನು ಇಂಥ ಸರಪಳಿಗೆ ಸೇರಿಸಿತು. ಸ್ವೀಡನ್ನಿನ ಭೂಮಾಪನ ಇಲಾಖೆ 2016ರಿಂದ ಹಲವು ಸುತ್ತು ಪ್ರಯೋಗ ಮಾಡಿತು. ಯಂತ್ರ ನಡೆಯಿತು, ಡಿಜಿಟಲ್ ಸಹಿಯಿಂದ ಆಸ್ತಿ ಮಾರಲು ಅಲ್ಲಿನ ಕಾನೂನು ಅಡ್ಡ ಬಂತು. ಹಡಗಿನ ಸರಕಿನ ಕಾಗದಗಳಿಗಾಗಿ ಮೇರ್ಸ್ಕ್ ಮತ್ತು ಐ.ಬಿ.ಎಂ. ಎಂಬ ಎರಡು ದೊಡ್ಡ ಕಂಪನಿಗಳು 2018ರಲ್ಲಿ ತೆರೆದ ಟ್ರೇಡ್‌ಲೆನ್ಸ್ ಎಂಬುದನ್ನು ಮುಚ್ಚುವುದಾಗಿ 2022ರಲ್ಲಿ ಹೇಳಿಬಿಟ್ಟವು. ಕಾರಣ, ಬರಬೇಕಾದವರೆಲ್ಲ ಬಂದು ಸೇರಲಿಲ್ಲ. ಈ ಕೊನೆಯದು ಕಟ್ಟಡದವರು ಚೆನ್ನಾಗಿ ಮನನ ಮಾಡಬೇಕಾದ ಪಾಠ. ಒಂದು ಅಪಾರ್ಟ್‌ಮೆಂಟಿಗೆ ಕಂಬಿಯವನು, ಜಲ್ಲಿಯವನು, ಸೆಂಟ್ರಿಂಗಿನವನು, ಕೊಳಾಯಿಯವನು, ವಿದ್ಯುತ್ತಿನವನು ಎಂದು ಹತ್ತಾರು ಮಂದಿ ಬರುತ್ತಾರೆ. ಮುಂದಿನ ಕಟ್ಟಡಕ್ಕೆ ಬರುವವರು ಬೇರೆಯವರೆ. ಇವರೆಲ್ಲರನ್ನೂ ಒಂದು ವಹಿಯಲ್ಲಿ ಬರೆಯುವಂತೆ ಮಾಡುವುದು ಮದುವೆಮನೆಯಲ್ಲಿ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದಂತೆ.

ಲಂಡನ್ನಿನಲ್ಲಿ 2017ರ ಜೂನ್ 14ರಂದು ಗ್ರೆನ್‌ಫೆಲ್ ಎಂಬ ವಸತಿ ಗೋಪುರಕ್ಕೆ ಬೆಂಕಿ ಬಿದ್ದು 72 ಮಂದಿ ಸತ್ತರು. ಆ ಬಳಿಕ ಕಟ್ಟಡಗಳ ನಿಯಮಗಳನ್ನು ಪರಿಶೀಲಿಸಿದ ಜೂಡಿತ್ ಹ್ಯಾಕಿಟ್ ಎಂಬ ಮಹಿಳೆ 2018ರ ವರದಿಯಲ್ಲಿ 'ಬಂಗಾರದ ಎಳೆ' ಎಂಬ ಮಾತನ್ನು ಹೇಳಿದರು. ನಕ್ಷೆ ಬರೆದ ದಿನದಿಂದ ಕಟ್ಟಡ ಇರುವ ತನಕ, ಏನು ಹಾಕಿದರು, ಏನು ಬದಲಾಯಿಸಿದರು, ಯಾರು ಒಪ್ಪಿದರು ಎಂಬುದು ಕಡಿಯದ ಎಳೆಯಾಗಿ ಬರಬೇಕು. ಅಲ್ಲಿ ವಾಸಿಸುವವರಿಗೂ ತಮ್ಮ ಸುರಕ್ಷಿತತೆಯ ವಿಷಯ ತಿಳಿಯಬೇಕು ಎಂದರು. 2022ರಲ್ಲಿ ಅಲ್ಲಿ ಎತ್ತರದ ವಸತಿ ಕಟ್ಟಡಗಳಿಗೆ ಅದು ಕಾನೂನೇ ಆಯಿತು. ಬ್ಲಾಕ್‌ಚೈನೇ ಆಗಬೇಕೆಂದು ಆ ಕಾನೂನು ಹೇಳುವುದಿಲ್ಲ. ಎಳೆ ಬೇಕು, ನೂಲುವ ರಾಟೆ ಯಾವುದಾದರೂ ಆಗಲಿ.

ನಮ್ಮ ದೇಶದಲ್ಲಿಯೂ ರಾಟೆಗೆ ಕೊರತೆ ಇಲ್ಲ. ರಾಷ್ಟ್ರೀಯ ಮಾಹಿತಿ ಕೇಂದ್ರದವರು ಬ್ಲಾಕ್‌ಚೈನಿಗೆಂದೇ ವಿಶೇಷ ಕೇಂದ್ರವನ್ನು 2020ರ ಜನವರಿಯಲ್ಲಿ ತೆರೆದದ್ದು ನಮ್ಮ ಬೆಂಗಳೂರಿನಲ್ಲಿ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ 'ವಿಶ್ವಸ್ಯ' ಎಂಬ ಹೆಸರಿನ ತಂತ್ರವ್ಯವಸ್ಥೆಯನ್ನು ಪ್ರಕಟಿಸಿತು. ಅದರ ಯಂತ್ರಗಳು ಭುವನೇಶ್ವರ, ಪುಣೆ, ಹೈದರಾಬಾದುಗಳಲ್ಲಿ ಹಂಚಿಕೊಂಡಿವೆ. ನ್ಯಾಯಾಲಯದ ಕಡೆಯಿಂದಲೂ ಬಾಗಿಲು ತೆರೆದಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ, ಕಂಪ್ಯೂಟರಿನ ದಾಖಲೆಯನ್ನು ಸಾಕ್ಷ್ಯವಾಗಿ ಕೊಡುವಾಗ ಸಲ್ಲಿಸುವ ಪ್ರಮಾಣಪತ್ರದ ನಮೂನೆಯಲ್ಲಿಯೆ, ನಾವು ಆಗ ಹೇಳಿದ ಗಾಣದ ಮುದ್ರೆಯನ್ನು ಬರೆಯಲು ಸ್ಥಳ ಬಿಟ್ಟಿದ್ದಾರೆ.

ಹಾಗಾದರೆ ಎಲ್ಲಿಂದ ಆರಂಭ ಮಾಡಬೇಕು? ಎಲ್ಲವನ್ನೂ ಒಟ್ಟಿಗೆ ಎತ್ತಿಕೊಳ್ಳುವುದು ನಮಗೆ ಸಮ್ಮತವಲ್ಲ. ಮುಚ್ಚಿಹೋಗುವ ಕೆಲಸಗಳಿಂದ ಆರಂಭಿಸಬೇಕು. ಪಾಯದ ಆಳ, ಕಾಂಕ್ರೀಟು ಹಾಕುವ ಮುನ್ನ ಕಂಬಿಯ ಚಿತ್ರ, ಕಂಬಿಯ ಕಟ್ಟಿಗೆ ತೂಗುಹಾಕಿದ ಚೀಟಿಯ ತಯಾರಿಕಾ ಸಂಖ್ಯೆ, ಸಿದ್ಧ ಕಾಂಕ್ರೀಟಿನ ಲಾರಿ ಹೊರಟ ಹೊತ್ತು ಮತ್ತು ಸುರಿದ ಹೊತ್ತು, ಕ್ಯೂಬಿನ ಫಲಿತಾಂಶ. ಇಷ್ಟೇ ಸಾಕು. ಅಡಿಗೆಮನೆಯ ಟೈಲಿನ ಬಣ್ಣ ಸರಪಳಿಗೆ ಬೇಕಾಗಿಲ್ಲ. ಅದನ್ನು ನಮ್ಮ ಹೆಂಗಸರು ಕಣ್ಣಿನಿಂದಲೆ ಪರೀಕ್ಷಿಸಿ ತಳ್ಳಿಹಾಕಬಲ್ಲರು. ಚಿತ್ರಗಳನ್ನೂ ನಕ್ಷೆಗಳನ್ನೂ ಪೂರ್ತಿ ಸರಪಳಿಗೆ ತುಂಬಬಾರದು. ಅವು ತಮ್ಮ ಜಾಗದಲ್ಲಿರಲಿ, ಮುದ್ರೆ ಮಾತ್ರ ಸರಪಳಿಗೆ ಹೋಗಲಿ. ಖರ್ಚು ಕಡಮೆ, ಮನೆಯ ಗುಟ್ಟೂ ಬೀದಿಗೆ ಬೀಳುವುದಿಲ್ಲ.

ಇನ್ನೊಂದು ಉಪಯೋಗ ಉಂಟು, ಅದನ್ನು ಹೇಳದೆ ಬಿಡಲಾರೆವು. ತಾನಾಗಿ ನಡೆಯುವ ಕರಾರು ಎಂಬುದನ್ನು ಈ ವಹಿಯಲ್ಲಿ ಬರೆದಿಡಬಹುದು: ಮೂವರ ಸಹಿ ಬಿದ್ದೊಡನೆ ಹಣ ಸಂದಾಯ. ಕಟ್ಟಡದ ಕಸುಬಿನಲ್ಲಿ ಮೇಲಿನವನಿಂದ ಕೆಳಗಿನವನಿಗೆ ಹಣ ಇಳಿಯುವಷ್ಟರಲ್ಲಿ ಕಾಲವೆ ಕಳೆದುಹೋಗುತ್ತದೆ. ಇಲ್ಲಿಯ ಕಟ್ಟಡಗಳಲ್ಲಿ ಬುಟ್ಟಿ ಹೊರುವವರು ದಾಹೋದ್, ಪಂಚಮಹಾಲ್, ಝಾಬುವಾ ಕಡೆಯ ಆದಿವಾಸಿಗಳು. ಪುಣೆ ಮುಂಬಯಿಗಳಲ್ಲಿ ನಮ್ಮ ಯಾದಗಿರಿ, ಕಲಬುರಗಿ ಕಡೆಯವರು. ಇವರಂಥವರಿಗಾಗಿ ಮಾಡಿದ 1996ರ ಕಾಯಿದೆ ಕಲ್ಯಾಣ ನಿಧಿಯ ಸೌಲಭ್ಯ ಪಡೆಯಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕೆಂದು ವಿಧಿಸಿತು. ಆ 90 ದಿನಕ್ಕೆ ಸಾಕ್ಷಿ ಯಾರು? ಮೇಸ್ತ್ರಿಯ ಜೇಬಿನ ಪುಸ್ತಕ. ಮೇಸ್ತ್ರಿ ಊರು ಬಿಟ್ಟರೆ ಪುಸ್ತಕವೂ ಊರು ಬಿಟ್ಟಿತು. ಹಾಜರಿಯ ಮುದ್ರೆ ಸರಪಳಿಯಲ್ಲಿ ಇದ್ದು, ಪ್ರತಿ ಕೂಲಿಯವನ ಕೈಯಲ್ಲಿಯೂ ಇದ್ದರೆ ಎಷ್ಟು ಸಂಸಾರಗಳಿಗೆ ಅನುಕೂಲ! ದೊಡ್ಡ ಕಂಪನಿಗಳು ಬ್ಲಾಕ್‌ಚೈನಿನ ಲಾಭವನ್ನು ಎಣಿಸುವಾಗ ಈ ಲಾಭವನ್ನು ಮೊದಲು ಬರೆಯುವುದಿಲ್ಲ. ನಾವಾದರೆ ಮೊದಲು ಬರೆಯುತ್ತೇವೆ.

ಇನ್ನು ಸರಪಳಿ ಬರುವ ತನಕ ಸುಮ್ಮನೆ ಕುಳಿತಿರಬೇಕೆ ಎಂದರೆ, ಬೇಡ. 2016ರ ರೇರಾ ಕಾಯಿದೆ ಕೈಯಲ್ಲಿದೆ, ಅದನ್ನು ನಮ್ಮವರು ಸಾಲದಷ್ಟು ಬಳಸುತ್ತಿದ್ದಾರೆ. ಕೊಳ್ಳುವವರಿಂದ ಬಂದ ಹಣದಲ್ಲಿ ನೂರಕ್ಕೆ 70ನ್ನು ಕಟ್ಟುವವನು ಬೇರೆಯ ಖಾತೆಯಲ್ಲಿಡಬೇಕು. ಎಂಜಿನಿಯರು, ವಾಸ್ತುಶಿಲ್ಪಿ, ಚಾರ್ಟರ್ಡ್ ಅಕೌಂಟೆಂಟು ಮೂವರೂ ಕೆಲಸ ಇಷ್ಟಾಗಿದೆಯೆಂದು ಪ್ರಮಾಣಪತ್ರ ಕೊಟ್ಟಲ್ಲದೆ ತೆಗೆಯುವಂತಿಲ್ಲ. ಮನೆ ಕೈಗೆ ಬಂದ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡು ತಿಳಿಸಿದರೆ, ಹಣ ಕೇಳದೆ 30 ದಿನದಲ್ಲಿ ಸರಿಪಡಿಸಬೇಕು. ಸ್ಥಳೀಯ ಕಾನೂನು ಬೇರೆ ಹೇಳದಿದ್ದಲ್ಲಿ, ಮುಕ್ತಾಯದ ಪ್ರಮಾಣಪತ್ರ ಬಂದ 30 ದಿನದೊಳಗೆ ನಕ್ಷೆಗಳನ್ನೂ ಅಗತ್ಯವಾದ ಕಾಗದಗಳನ್ನೂ ನಿವಾಸಿಗಳ ಸಂಘಕ್ಕೆ ಒಪ್ಪಿಸಬೇಕು. ಈ ಮಂಜಲ್‌ಪುರದಲ್ಲಿ ಎಷ್ಟು ಸೊಸೈಟಿಗಳ ಕಪಾಟಿನಲ್ಲಿ ಕಂಬಿಯ ನಕ್ಷೆ ಇದೆ? ಮನೆಗೆ ಹೋಗಿ ನಿಮ್ಮ ನಿಮ್ಮ ಮಂತ್ರಿಗಳನ್ನು ಕೇಳಿ ನೋಡಿ. ಸೆಕ್ರೆಟರಿಗೆ ಈ ಊರಿನಲ್ಲಿ ಮಂತ್ರಿ ಎನ್ನುತ್ತಾರೆ, ಸಿಕ್ಕಿದರೆ ಖಾತೆಯೂ ಸಿಗಲಿ!

ಕಟ್ಟುತ್ತಿರುವ ಮನೆಗೆ ಹಣ ಕೊಡುತ್ತಿರುವವರು ಕಂತು ಕಟ್ಟುವ ಮೊದಲು ಭಾವಮೈದುನನ ಚಿತ್ರದ ಜೊತೆಗೆ ಮೂರು ಕಾಗದಗಳನ್ನು ಕೇಳಬೇಕು: ಆ ಅಂತಸ್ತಿನ 28 ದಿನದ ಕ್ಯೂಬಿನ ಫಲಿತಾಂಶ, ಕಂಬಿಯ ಪರೀಕ್ಷಾಪತ್ರ, ಕಾಂಕ್ರೀಟು ಹಾಕುವ ಮುನ್ನ ಎಂಜಿನಿಯರು ಸಹಿ ಮಾಡಿದ ತಪಾಸಣೆಯ ಚೀಟಿ. ಬಂದದ್ದನ್ನು ಅದೇ ದಿನ ನಿಮ್ಮಂತೆಯೆ ಕೊಂಡಿರುವ ಇನ್ನು ನಾಲ್ಕು ಜನರಿಗೆ ಕಳಿಸಿಬಿಡಿ. ಐದು ಮನೆಯಲ್ಲಿ ಪ್ರತಿ, ಪ್ರತಿಯೊಂದಕ್ಕೂ ತಾರೀಖು. ಯಂತ್ರವಿಲ್ಲದ ಬಡವರ ಸರಪಳಿ ಇದು, ಖರ್ಚಿಲ್ಲದ್ದು.

ಕಾಗದ ಬಂದರೂ ಓದಲು ಬರುವುದಿಲ್ಲ ಎಂಬವರು ಸಂಕೋಚಪಡಬಾರದು. ನಮ್ಮ ಬಳಗದಲ್ಲಿ ಈ ಕಸುಬಿನವರು ನಾಲ್ಕಾರು ಜನರಿದ್ದೇವೆ. ತಿಂಗಳ ಮೊದಲ ಭಾನುವಾರ, ಮಕ್ಕಳ ಕನ್ನಡ ಪಾಠ ನಡೆಯುವ ಹೊತ್ತಿಗೆ, ಪಕ್ಕದ ಕೋಣೆಯಲ್ಲಿ ಕುಳಿತಿರುತ್ತೇವೆ. ಕಾಗದಗಳ ನಕಲನ್ನು ತನ್ನಿ. ಮೂಲ ಪ್ರತಿ ಮನೆಯ ಮೇಲಂತಸ್ತಿನ ಕಪಾಟಿನಲ್ಲಿಯೆ ಇರಲಿ.